ಹದಿಮೂರನೆಯ ದಲಾಯಿ ಲಾಮಾ ಅವರ ಚರಿತ್ರೆ

ಹುಬ್ಬಳ್ಳಿಯಿಂದ ತಡಸದ ಮೇಲೆ ಹಾಯ್ದು ಮುಂಡಗೋಡಕ್ಕೆ ಹೋದವರು ಅಲ್ಲಿಯ ಪೇಟೆಯಲ್ಲಿ ಕೆಂಗಂದು ನಿಲುವಂಗಿಯ ಭಿಕ್ಷುಗಳು ಕಾಯಿಪಲ್ಯ ಕೊಳ್ಳುತ್ತ ನಿಂತಿರುವದನ್ನು ನೋಡದೆ ಬಂದಿರಲಾರರು. ಊರಿನ ಸಮೀಪದ ಟಿಬೆಟನ್ ಕಾಲೊನಿಯು 1966ನೆಯ ಇಸವಿಯಿಂದ ಅಲ್ಲಿದೆ. ಹಿಮದ ನಾಡಿನಿಂದ ಬಂದವರು ನಮ್ಮ ಮಲೆನಾಡಿನ ಅಂಚಿನಲ್ಲಿ ಕಾಡು ಕಡಿದು ಗೋವಿನಜೋಳ ಬೆಳೆದರು, ಭತ್ತ ಬೆಳೆದರು. ಚಳಿಗಾಲ ಬಂದರೆ ಊರೂರಿನ ಬೀದಿಗಳಲ್ಲಿ ಉಣ್ಣೆಯ ಅಂಗಿಗಳನ್ನು ಹರವಿ ಕುಳಿತರು. ನಮ್ಮಲ್ಲಿಯ ವಕೀಲರೂ ಅಧಿಕಾರಿಗಳೂ ಆ ಅಂಗಿಗಳನ್ನು ಚೌಕಾಸಿ ಮಾಡಿ ಕೊಂಡುಕೊಂಡಿರುವರು. ಮಾರುವವರು ಯಾವ ದಾರಿಯಿಂದ ಇಲ್ಲಿಗೆ ಬಂದರೆಂಬದನ್ನು ವಿಚಾರಿಸಿದವರು ಮಾತ್ರ ವಿರಳ.

ಆ ದಾರಿಯು 1959ರಲ್ಲಿ ಪ್ರಾರಂಭವಾಯಿತೆಂದು ಸಾಮಾನ್ಯವಾಗಿ ಹೇಳುವರು. ನಮ್ಮ ಎಣಿಕೆಯಲ್ಲಿ ಅದು ಅದಕ್ಕೂ 55 ವರ್ಷಗಳ ಹಿಂದೆ, ಟಿಬೇಟಿನ ಗುರು ಎಂಬ ಹಳ್ಳಿಯ ಹತ್ತಿರದ ಬಯಲಿನಲ್ಲಿ, ಕೆಲವು ನಿಮಿಷಗಳ ಅವಧಿಯಲ್ಲಿ ಪ್ರಾರಂಭವಾಯಿತು. ಆಗ ಆ ದೇಶವನ್ನು ಆಳುತ್ತಿದ್ದವರು ಹದಿಮೂರನೆಯ ದಲಾಯಿ ಲಾಮಾ ಥುಬ್ತೆನ್ ಗ್ಯಾತ್ಸೊ ಅವರು. ಪ್ರಾಣಿಹಿಂಸೆ ಮಾಡೆನೆಂದು ವ್ರತ ತೊಟ್ಟ ಯತಿಯೊಬ್ಬರು ಬಂದೂಕುಗಳನ್ನು ಕೊಳ್ಳುವ ಅರಸರಾದ ಸಂಗತಿಯು ಅವರ ಜೀವನದಲ್ಲಿದೆ. ಮುಂಡಗೋಡದ ನೆರೆಯವರಾದ ನಾವು ಅದನ್ನು ಅರಿತಿರುವದು ಉಚಿತ.

ಅವರು ಹುಟ್ಟಿದ್ದು 1876ರಲ್ಲಿ, ಟಿಬೇಟಿನ ಆಗ್ನೇಯಕ್ಕಿರುವ ದಾಗ್ಪೊ ಸೀಮೆಯ ಒಂದು ಒಕ್ಕಲು ಮನೆತನದಲ್ಲಿ. ಹಿಂದಿನ ದಲಾಯಿ ಲಾಮಾ ಅವರೇ ಮರಳಿ ಹುಟ್ಟಿ ಬಂದಿರುವರೆಂದು ಮಠಗಳ ಹಿರಿಯರು ಗುರುತಿಸಿ, 1879ರಲ್ಲಿ ಆ ಮಗುವನ್ನು ಲ್ಹಾಸಾದ ಪೊಟಾಲಾ ಅರಮನೆಯ ಗದ್ದಿಗೆಯ ಮೇಲೆ ಕೂಡ್ರಿಸಿದರು. ಆ ಗದ್ದಿಗೆಯು ಮೃದುವಾದುದಾಗಿರಲಿಲ್ಲ. ಒಂಬತ್ತನೆಯವರಿಂದ ಹನ್ನೆರಡನೆಯವರ ವರೆಗೆ ನಾಲ್ವರು ದಲಾಯಿ ಲಾಮಾಗಳು ಒಬ್ಬರ ಹಿಂದೊಬ್ಬರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದರು. ಅವರಲ್ಲಿ ಯಾರೂ ಇಪ್ಪತ್ತೆರಡು ತುಂಬಿದವರಲ್ಲ. ಗುರುಗಳು ಬಾಲಕರಿರುವ ವರೆಗೆ ರಾಜ್ಯಭಾರವು ಪ್ರತಿನಿಧಿಯ ಕೈಯಲ್ಲಿರುವದು ಅಲ್ಲಿಯ ವಾಡಿಕೆ. ಈ ವಾಡಿಕೆಗೂ ಆ ಅಕಾಲ ಮರಣಗಳಿಗೂ ಇರುವ ಸಂಬಂಧವನ್ನು ಅಲ್ಲಿಯ ಜನರೇ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಿದ್ದರು. 1895ರಲ್ಲಿ ಥುಬ್ತೆನ್ ಗ್ಯಾತ್ಸೊ ಅವರು ಅಧಿಕಾರವನ್ನು ಸ್ವಹಸ್ತದಲ್ಲಿ ತೆಗೆದುಕೊಂಡ ಕೆಲವು ವರ್ಷಗಳಲ್ಲಿಯೇ ಒಂದು ಜೊತೆ ಪಾದರಕ್ಷೆಯ ಅಟ್ಟೆಯಲ್ಲಿ ಅವರ ಹೆಸರಿನ ಮಾಟದ ಚೀಟಿ ಸಿಕ್ಕಿತು. ಹಿಂದಿನ ಪ್ರತಿನಿಧಿಯ ಮೇಲೆ ಅಪರಾಧವು ಬಂದು, ಆತನು ಸೆರೆಯಲ್ಲಿಯೇ ಸತ್ತನು. ಇಪ್ಪತ್ತೈದರ ಒಳಗಿನ ಯುವಕರು ಇಂಥ ಅರಮನೆಯಲ್ಲಿ ಬದುಕಿ ಉಳಿದುದೇ ಅವರ ದೃಢತೆಗೆ ಸಾಕ್ಷಿ.

ಒಳಗಿನ ಶತ್ರುವನ್ನು ಗೆದ್ದವರಿಗೆ ಹೊರಗಿನ ಶತ್ರುವಿನ ಕಲ್ಪನೆ ಇರಲಿಲ್ಲ. ಆಗ ಹಿಂದುಸ್ಥಾನದಲ್ಲಿ ಲಾರ್ಡ್ ಕರ್ಝನ್ ಸಾಹೇಬರ ದರ್ಬಾರು ನಡೆದಿತ್ತು. ದಲಾಯಿ ಲಾಮಾ ಅವರ ಶಾಸ್ತ್ರಾಧ್ಯಯನದ ಸಂಗಾತಿಯಾಗಿದ್ದ ದೊರ್ಜಿಯೆವ್ ಎಂಬ ಬುರಿಯಾತ ಭಿಕ್ಷುವು ರಶಿಯದ ಬಾದಶಹನಲ್ಲಿಗೆ ಹೋಗಿ ಬಂದನೆಂಬ ಸುದ್ದಿ ಕೇಳಿ, ರಶಿಯದ ತೋಪುಗಳು ಲ್ಹಾಸಾಕ್ಕೆ ಬಂದೇ ಬಿಟ್ಟವೆಂದು ಕರ್ಝನ್ನರು ಬಗೆದರು. ಅವರು ಬರೆದ ಪತ್ರಗಳು ಒಡೆಯದೆ ಹಿಂದಿರುಗಿ ಬಂದವು. ವೈಸರಾಯರ ಪತ್ರವನ್ನು ಒಡೆಯದೆ ಕಳಿಸುವಷ್ಟು ಲೋಕಜ್ಞಾನದ ಅಭಾವವು ಒಂದು ಕಡೆ. ಒಡೆಯದ ಪತ್ರಕ್ಕಾಗಿ ದಂಡು ಹೂಡುವಷ್ಟು ಮದವು ಇನ್ನೊಂದು ಕಡೆ. 1903ರ ಡಿಸೆಂಬರದಲ್ಲಿ ಕರ್ನಲ್ ಯಂಗ್‌ಹಸ್ಬಂಡರ ಮುಂದಾಳುತನದಲ್ಲಿ ಫೌಜು ಜೆಲೆಪ್ ಲಾ ಕಣಿವೆಯನ್ನು ದಾಟಿತು. ಕಾಗದಪತ್ರಗಳಲ್ಲಿ ಅದಕ್ಕೆ ನಿಯೋಗವೆಂದು ಹೆಸರು.

1904ರ ಮಾರ್ಚ 31ನೆಯ ತಾರೀಖು. ಸಮುದ್ರಮಟ್ಟಕ್ಕಿಂತ ಸುಮಾರು 15 ಸಾವಿರ ಅಡಿ ಎತ್ತರದ ಬಯಲು. ದಾರಿಗೆ ಅಡ್ಡವಾಗಿ ಎದೆಯುದ್ದದ ಕಲ್ಲಿನ ಗೋಡೆ ಕಟ್ಟಿ, ಅದರ ಹಿಂದೆ ಸುಮಾರು ಒಂದೂವರೆ ಸಾವಿರ ಟಿಬೇಟಿಯರು ನಿಂತಿದ್ದರು. ಅವರಲ್ಲಿ ಬಹುತೇಕರು ಕರೆ ಬಂದಾಗ ಮನೆಗೊಬ್ಬರಂತೆ ಹೊರಟು ಬಂದ ಒಕ್ಕಲಿಗರು. ಕೈಯಲ್ಲಿ ಖಡ್ಗ, ಬತ್ತಿ ಹಚ್ಚಿ ಹಾರಿಸುವ ಹಳೆಯ ಕಾಲದ ಕೋವಿ. ಕೊರಳಲ್ಲಿ ಮಠದ ಹಿರಿಯರು ಮಂತ್ರ ಬರೆದು ಮಡಿಚಿಕೊಟ್ಟ ಕಾಗದದ ತಾಯಿತ. ಅದನ್ನು ಕಟ್ಟಿಕೊಂಡವರಿಗೆ ಗುಂಡು ತಗಲಲಾರದೆಂದು ನಂಬಿಸಲಾಗಿತ್ತು. ಎದುರಿಗೆ ಸಿಖ್ ಪಯನಿಯರ್ ದಳಗಳು, ಗೂರ್ಖಾ ಪಲ್ಟಣ, ಪರ್ವತದ ತೋಪುಗಳು ಮತ್ತು ಎರಡು ಮ್ಯಾಕ್ಸಿಮ್ ಯಂತ್ರಬಂದೂಕುಗಳು. ಹೈರಮ್ ಮ್ಯಾಕ್ಸಿಮ್ ಎಂಬವನು 1884ರಲ್ಲಿ ಕಲ್ಪಿಸಿದ ಈ ಯಂತ್ರವು ಒಂದು ನಿಮಿಷಕ್ಕೆ ಐದು ನೂರಕ್ಕೂ ಹೆಚ್ಚು ಗುಂಡುಗಳನ್ನು ಉಗುಳುವದು. ಗುರಿಯಿಟ್ಟು ಕೊಲ್ಲುವ ಸೈನಿಕನಿಗೆ ಎದುರಾಳಿಯ ಮುಖವಾದರೂ ಕಾಣುವದು. ಇದಕ್ಕೆ ಮುಖಗಳ ಅವಶ್ಯಕತೆ ಇಲ್ಲ.

ಗುಂಡು ಹಾರಿಸಬಾರದು, ಮಾತುಕತೆಯಿಂದಲೇ ತಡೆಯಬೇಕು ಎಂದು ಆ ಟಿಬೇಟಿಯರಿಗೆ ಅಪ್ಪಣೆಯಿತ್ತು. ಇತ್ತಂಡದವರೂ ಒಬ್ಬರನ್ನೊಬ್ಬರು ಮುಟ್ಟುವಷ್ಟು ಹತ್ತಿರ ಬಂದು ನಿಂತರು. ಬಳಿಕ ಸಿಖ್ ಸಿಪಾಯಿಗಳು ಗೋಡೆಯ ಬಳಿಗೆ ಹೋಗಿ ಅವರ ಕೈಯಿಂದ ಆಯುಧಗಳನ್ನು ಕಸಿಯತೊಡಗಿದರು. ನೂಕಾಟದಲ್ಲಿ ಟಿಬೇಟಿನ ಸೇನಾನಿಯ ಪಿಸ್ತೂಲಿನಿಂದ ಒಂದು ಗುಂಡು ಹಾರಿ ಒಬ್ಬ ಸಿಖ್ಖನಿಗೆ ತಗಲಿತು. ಮುಂದಿನದನ್ನು ಯುದ್ಧವೆಂದು ಕರೆಯುವದು ಆ ಶಬ್ದಕ್ಕೇ ಅಪಮಾನ. ಕೆಲವೇ ನಿಮಿಷಗಳಲ್ಲಿ 600ರಿಂದ 700 ಜನರು ಆ ಗೋಡೆಯ ಹಿಂದೆಯೂ ಅದರಾಚೆಯ ದಾರಿಯ ಮೇಲೆಯೂ ಬಿದ್ದರು. ಆಂಗ್ಲರ ಪಕ್ಷದಲ್ಲಿ ಗಾಯಗೊಂಡವರು ಹತ್ತು ಹನ್ನೆರಡು ಜನರು. ನೋಡಿದವರೆಲ್ಲರ ಮನಸ್ಸಿನಲ್ಲಿ ನೆಟ್ಟ ಸಂಗತಿಯೆಂದರೆ, ಬದುಕಿ ಉಳಿದವರು ಓಡಲಿಲ್ಲ. ತಲೆ ಬಾಗಿಸಿ, ನಂಬಿದ್ದೆಲ್ಲವೂ ಕೈಬಿಟ್ಟವರ ಹಾಗೆ, ನಿಧಾನವಾಗಿ ನಡೆದು ಹೋದರು. ಗುಂಡುಗಳು ಅವರ ಬೆನ್ನಟ್ಟಿದವು. ಯಂತ್ರಬಂದೂಕಿನ ಹಿಂದೆ ಕುಳಿತ ಆಂಗ್ಲ ಅಧಿಕಾರಿಯೇ ಈ ಕಗ್ಗೊಲೆಗೆ ಹೇಸಿ ತಾನು ನಡುವೆಯೇ ನಿಲ್ಲಿಸಿದೆನೆಂದು ತಾಯಿಗೆ ಪತ್ರ ಬರೆದನು.

ಆ ಬಳಿಕ ಅದೇ ಫೌಜಿನ ವೈದ್ಯರು ಡೇರೆ ಹೊಡೆದು ಟಿಬೇಟಿನ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ನೂರೈವತ್ತಕ್ಕೂ ಹೆಚ್ಚು ಜನರನ್ನು ತಂದರು. ಬಹಳ ಜನರು ಬದುಕಿದರು. ಕೊಲ್ಲಲು ಬಂದವರೇ ಔಷಧ ಕಟ್ಟುವದನ್ನು ನೋಡಿ ಆ ರೈತರು ಬೆಪ್ಪಾದರು. ಆ ವೈದ್ಯರ ದಯೆಯನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಬೆಳಿಗ್ಗೆ ಯಂತ್ರದಿಂದ ಕಾಲು ಮುರಿದು ಸಂಜೆಗೆ ಅದೇ ಕಾಲಿಗೆ ಪಟ್ಟಿ ಕಟ್ಟುವ ಸಭ್ಯತೆಯು ಇಪ್ಪತ್ತನೆಯ ಶತಮಾನದ ವಿಶೇಷ ಸಂಪಾದನೆ.

ಇಲ್ಲಿ ನಮ್ಮ ದೇಶಬಾಂಧವರು ಮುಖ ತಿರುಗಿಸುವಂತಿಲ್ಲ. ಗುರುವಿನ ಬಯಲಿನಲ್ಲಿ ಬಂದೂಕು ಹಿಡಿದ ಕೈಗಳಲ್ಲಿ ಹೆಚ್ಚಿನವು ಹಿಂದುಸ್ಥಾನದವು. ಸಾಮಾನು ಹೊತ್ತ ಬೆನ್ನುಗಳಲ್ಲಿಯೂ ಎಷ್ಟೋ ನಮ್ಮವೇ. ಸಾವಿರಾರು ಹಮಾಲರು ಕಣಿವೆಗಳಲ್ಲಿ ಹೊರೆ ಹೊತ್ತರು. ಚಳಿಯಿಂದ ಬೆರಳು ಕೊಳೆತು ಬಿದ್ದವರೂ ಶ್ವಾಸಕೋಶದ ಜ್ವರದಿಂದ ಸತ್ತವರೂ ಅವರಲ್ಲಿ ಎಷ್ಟೋ ಜನರು. ಖರ್ಚು ನಮ್ಮ ಬೊಕ್ಕಸದ್ದು. 1904ರ ಡಿಸೆಂಬರದಲ್ಲಿ ಮುಂಬಯಿಯಲ್ಲಿ ಸರ್ ಹೆನ್ರಿ ಕಾಟನ್ನರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ಸು ಈ ವಿಷಯದಲ್ಲಿ ಠರಾವು ಮಾಡಿ, ಗಡಿಯ ಹೊರಗಿನ ದಂಡಯಾತ್ರೆಗೆ ನಿಯೋಗವೆಂಬ ಹೆಸರು ಕೊಟ್ಟು ಹಿಂದುಸ್ಥಾನದ ಹಣವನ್ನು ಸುರಿದುದಕ್ಕೆ ವಿಷಾದ ಸೂಚಿಸಿತು. ಆ ಠರಾವು ಮುಖ್ಯವಾಗಿ ನಮ್ಮ ಹಣದ ವಿಷಯಕ್ಕಿತ್ತು. ಅವರ ಹೆಣಗಳ ಲೆಕ್ಕವು ಅದರಲ್ಲಿ ಬರಲಿಲ್ಲ.

ಜುಲೈ 6ಕ್ಕೆ ಗ್ಯಾಂಟ್ಸೆಯ ಕೋಟೆ ಬಿದ್ದಿತು. ಅಗಸ್ಟ 3ಕ್ಕೆ ಫೌಜು ಲ್ಹಾಸಾವನ್ನು ಹೊಕ್ಕಿತು. ಅಲ್ಲಿ ರಶಿಯದ ತೋಪುಗಳಿರಲಿಲ್ಲ. ದಲಾಯಿ ಲಾಮಾ ಅವರು ಅದಕ್ಕೆ ಕೆಲವೇ ದಿನಗಳ ಮೊದಲು ರಾಜಮುದ್ರೆಯನ್ನು ಗಾಂದೆನ್ ಮಠದ ಪೀಠಾಧಿಪತಿಗಳ ಕೈಯಲ್ಲಿರಿಸಿ ಉತ್ತರದ ಮಂಗೋಲಿಯಕ್ಕೆ ಹೊರಟುಹೋಗಿದ್ದರು. ಸಪ್ಟಂಬರ 7ರ ತಹನಾಮೆಗೆ ಆ ವೃದ್ಧ ಯತಿಗಳೇ ಪ್ರತಿನಿಧಿಯಾಗಿ ಮುದ್ರೆಯೊತ್ತಿದರು. ದಂಡದ ಮೊಬಲಗು 75 ಲಕ್ಷ ರೂಪಾಯಿ, 75 ವರ್ಷಗಳ ಕಂತಿನಲ್ಲಿ. ಮುಂದೆ ಅದನ್ನು 25 ಲಕ್ಷಕ್ಕೆ ಇಳಿಸಿದರು. ಸತ್ತವರ ಮನೆಯವರೇ ತಮ್ಮನ್ನು ಕೊಂದ ಗುಂಡಿನ ಬೆಲೆಯನ್ನು ಕೊಡಬೇಕೆಂಬದು ಇದರ ಅರ್ಥ. ಆ ಪೀಠಾಧಿಪತಿಗಳು ಬೀಳ್ಕೊಡುವಾಗ ಯಂಗ್‌ಹಸ್ಬಂಡರಿಗೆ ಬುದ್ಧನ ಒಂದು ಚಿಕ್ಕ ಕಂಚಿನ ಮೂರ್ತಿಯನ್ನು ಕೊಟ್ಟರು. ಕರ್ನಲ್ಲರು ಮುಂದೆ ವೇದಾಂತದ ಕಡೆಗೆ ತಿರುಗಿ, ಸರ್ವಧರ್ಮ ಸಮ್ಮೇಳನ ನೆರೆಯಿಸಿ, 1942ರಲ್ಲಿ ಸಾಯುವ ವರೆಗೆ ಆ ಮೂರ್ತಿಯನ್ನು ಜೋಪಾನವಾಗಿಟ್ಟುಕೊಂಡಿದ್ದರು. ಮನುಷ್ಯನ ಮನಸ್ಸು ವಿಚಿತ್ರವಾದುದು.

ದಲಾಯಿ ಲಾಮಾ ಅವರಿಗೆ ಆಗ 28 ವರ್ಷ. ಐದು ವರ್ಷ ಅವರು ಮಂಗೋಲಿಯದ ಉರ್ಗಾ, ಕುಂಬುಮ್ ಮಠ, ವೂಟಾಯಿ ಪರ್ವತ ಎಂದು ಅಲೆದು 1908ರಲ್ಲಿ ಪೇಕಿಂಗದ ದರ್ಬಾರಿಗೆ ಹೋದರು. ಅಲ್ಲಿ ಆಶ್ರಯವನ್ನು ನಿರೀಕ್ಷಿಸಿದವರಿಗೆ ಸಿಕ್ಕಿದ್ದು ಅಧೀನತೆಯ ಬಿರುದು. ಇತ್ತ ಪೂರ್ವ ಟಿಬೇಟಿನ ಖಾಮ್ ಪ್ರಾಂತದಲ್ಲಿ ಚೀನದ ಅಧಿಕಾರಿ ಝಾವೊ ಎರ್‌ಫೆಂಗನು ಮಠಗಳನ್ನು ಮುತ್ತಿ, ಸುಟ್ಟು, ಭಿಕ್ಷುಗಳ ತಲೆ ಕಡಿಸುತ್ತಿದ್ದನು. ಕಟುಕನೆಂಬ ಅಡ್ಡಹೆಸರು ಅವನಿಗೆ ಆ ನಾಡಿನಲ್ಲಿಯೇ ಬಂದಿತು. 1909ರ ಡಿಸೆಂಬರದಲ್ಲಿ ದಲಾಯಿ ಲಾಮಾ ಅವರು ಲ್ಹಾಸಾಕ್ಕೆ ಮರಳಿದರೆ, ಎರಡೇ ತಿಂಗಳಲ್ಲಿ ಎರಡು ಸಾವಿರ ಚೀನೀ ಸೈನಿಕರು ನಗರವನ್ನು ಹೊಕ್ಕು ಹೊಸ ವರ್ಷದ ಹಬ್ಬದ ದಿನಗಳಲ್ಲಿಯೇ ಜನರ ಮೇಲೆ ಗುಂಡು ಹಾರಿಸಿದರು. ಆ ರಾತ್ರಿಯೇ ಅವರು ಮತ್ತೆ ಕುದುರೆ ಏರಿದರು, ಈ ಸಲ ದಕ್ಷಿಣಕ್ಕೆ. ನದಿಯ ಕಡವಿನಲ್ಲಿ ಬೆನ್ನಟ್ಟಿ ಬಂದವರನ್ನು ಅವರ ತರುಣ ಸೇವಕನೊಬ್ಬನು ಕೆಲವೇ ಸಂಗಡಿಗರೊಡನೆ ತಡೆದು ನಿಲ್ಲಿಸಿದನು. ತ್ಸಾರೊಂಗ್ ಎಂಬ ಮನೆತನದ ಹೆಸರಿನಿಂದ ಮುಂದೆ ಸೇನಾಧಿಪತಿಯಾದವನು ಇವನೇ. ಆರು ವರ್ಷಗಳ ಹಿಂದೆ ಯಾವ ಸರಕಾರದ ಯಂತ್ರಬಂದೂಕುಗಳಿಗೆ ಅಂಜಿ ಮನೆ ಬಿಟ್ಟಿದ್ದರೋ ಆ ಸರಕಾರದ ದಾರ್ಜಿಲಿಂಗದಲ್ಲಿಯೇ ಅವರು ಆಶ್ರಯ ಪಡೆಯಬೇಕಾಯಿತು.

ದಾರ್ಜಿಲಿಂಗದ ಎರಡು ವರ್ಷಗಳು ಅವರಿಗೆ ಪಾಠಶಾಲೆಯಾದವು. ಅಲ್ಲಿ ಚಾರ್ಲ್ಸ್ ಬೆಲ್ ಎಂಬ ಅಧಿಕಾರಿಯ ಸ್ನೇಹವು ದೊರೆಯಿತು. ರೈಲು, ತಂತಿ, ಪೋಲೀಸು, ಕವಾಯತು ಇವನ್ನೆಲ್ಲ ಕಣ್ಣಾರೆ ಕಂಡರು. 1911ರಲ್ಲಿ ಚೀನದಲ್ಲಿ ಕ್ರಾಂತಿಯಾಗಿ ಮಂಚೂ ರಾಜ್ಯವು ಕುಸಿಯಿತು. 1912ರಲ್ಲಿ ಲ್ಹಾಸಾದ ಬೀದಿಗಳಲ್ಲಿ ಮನೆ ಮನೆಗೆ ಕಾಳಗ ನಡೆದು, ಕೊನೆಗೆ ಚೀನೀಯರು ಶಸ್ತ್ರವನ್ನು ಇಳುಹಿ ಹಿಂದುಸ್ಥಾನದ ಮಾರ್ಗವಾಗಿ ಊರಿಗೆ ಹೋದರು. 1913ರ ಜನವರಿಯಲ್ಲಿ ಮರಳಿದ ದಲಾಯಿ ಲಾಮಾ ಅವರು ಫೆಬ್ರುವರಿಯಲ್ಲಿ ತಮ್ಮ ದೇಶವು ಯಾರ ಅಧೀನವೂ ಅಲ್ಲವೆಂಬ ಪ್ರಕಟಣೆಯನ್ನು ಹೊರಡಿಸಿದರು.

ಅವರ ರಾಜ್ಯಭಾರವನ್ನು ಬಣ್ಣಿಸಲು ಬೇರೆಯೇ ಲೇಖನ ಬೇಕು. ಮರಣದಂಡನೆಯನ್ನು ನಿಲ್ಲಿಸಿದರು, 1916ರಲ್ಲಿ ವೈದ್ಯ-ಜ್ಯೋತಿಷಗಳ ವಿದ್ಯಾಲಯವನ್ನು ಸ್ಥಾಪಿಸಿದರು, ನಾಲ್ವರು ಹುಡುಗರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲಂಡಿನ ರಗ್ಬಿಗೆ ಕಳಿಸಿದರು. ತೋಟಗಾರಿಕೆಯಲ್ಲಿ ಅವರಿಗೆ ಬಹಳ ಪ್ರೀತಿ. ನೊರ್ಬುಲಿಂಕಾ ಎಂಬ ಬೇಸಗೆಯ ಅರಮನೆಯ ತೋಟದಲ್ಲಿ ಹೂವು, ಹಕ್ಕಿ, ನಾಯಿಗಳ ನಡುವೆ ಇರುತ್ತಿದ್ದರು. ಮುಂಗೋಪಿಗಳು, ದುಡಿತದಲ್ಲಿ ಎಡೆಬಿಡದವರು, ಲಂಚಕೋರ ಅಧಿಕಾರಿಗಳಿಗೆ ಸಿಂಹಸ್ವಪ್ನ. ಆದರೆ ಗುರುವಿನ ಬಯಲನ್ನು ಅವರು ಮರೆತಿರಲಿಲ್ಲ. ಕಾಗದದ ತಾಯಿತವು ಸೀಸದ ಗುಂಡನ್ನು ತಡೆಯಲಾರದೆಂಬ ಪಾಠವನ್ನು ಒಮ್ಮೆ ಕಲಿತವರಿಗೆ ಉಳಿದದ್ದು ಒಂದೇ ದಾರಿ ಎಂದು ತೋರಿತು. 1914ರಲ್ಲಿ ಆಂಗ್ಲ ಸರಕಾರದಿಂದ 5000 ಬಂದೂಕುಗಳನ್ನೂ ಐದು ಲಕ್ಷ ತೋಟೆಗಳನ್ನೂ ಕೊಂಡರು. ಯೂರೋಪದ ಮಹಾಯುದ್ಧವು ಹೊತ್ತಿಕೊಂಡಾಗ ಸಾವಿರ ಸೈನಿಕರನ್ನು ಆಂಗ್ಲರ ನೆರವಿಗೆ ಕಳಿಸುವೆವೆಂದೂ ಹೇಳಿ ಕಳಿಸಿದರು. ಸರಕಾರವು ವಂದನೆ ಹೇಳಿತು, ಸೈನಿಕರನ್ನು ಕರೆಯಲಿಲ್ಲ. ಆ ಸಾವಿರ ತಾಯಂದಿರ ಪುಣ್ಯವೆಂದೇ ಹೇಳಬೇಕು.

ಹೊಸ ಬಂದೂಕುಗಳು ವ್ಯರ್ಥವಾಗಲಿಲ್ಲ. 1918ರಲ್ಲಿ ಅವುಗಳ ಬಲದಿಂದ ಟಿಬೇಟಿಯರು ಚಾಮ್ಡೊ ನಗರವನ್ನು ಚೀನೀಯರಿಂದ ಮರಳಿ ಪಡೆದರು; ಟೀಚ್‌ಮನ್ ಎಂಬ ಆಂಗ್ಲ ಅಧಿಕಾರಿಯ ಮಧ್ಯಸ್ಥಿಕೆಯಿಂದ ಕದನವಿರಾಮವಾಯಿತು. ಗೆಲವಿನ ಸುದ್ದಿಗೆ ಲ್ಹಾಸಾದಲ್ಲಿ ಹಬ್ಬವಾಯಿತು. ಖಾಮದಲ್ಲಿ ಮಾತ್ರ ಎರಡೂ ಕಡೆಯ ಸೈನಿಕರಿಗೆ ಸರದಿಯಂತೆ ಧಾನ್ಯ ಅಳೆದು, ಕುದುರೆ ಒಪ್ಪಿಸಿ, ಬಿಟ್ಟಿ ದುಡಿದ ಹಳ್ಳಿಗಳು ಬರಿದಾದವು. ಧ್ವಜ ಯಾರದಾದರೂ ಹಗೇವು ರೈತನದೇ ಅಲ್ಲವೆ?

ಇನ್ನು 1921ರ ಪ್ರಸಂಗ. ಮುಂಡಗೋಡವನ್ನು ಬಲ್ಲವರಿಗೆ ಇದು ವಿಶೇಷವಾದುದು. ಆ ವರ್ಷ ಆಂಗ್ಲ ಸರಕಾರವು ಹತ್ತು ಸಾವಿರ ಬಂದೂಕು, 20 ಯಂತ್ರಬಂದೂಕು, 10 ಪರ್ವತದ ತೋಪುಗಳನ್ನು ಕಂತುಕಂತಾಗಿ ಮಾರಲು ಒಪ್ಪಿತು. ಹದಿನೇಳು ವರ್ಷಗಳ ಹಿಂದೆ ಕೊಂದವರೇ ಈಗ ಅಂಗಡಿಕಾರರು. ಐದಾರು ಸಾವಿರದ ದಂಡನ್ನು ಹದಿನೈದು ಸಾವಿರಕ್ಕೆ ಏರಿಸುವ ಯೋಜನೆ. ಆದರೆ ಬಂದೂಕನ್ನು ಕೊಂಡರೆ ಸಾಲದು. ಅದನ್ನು ಹೊರುವವನಿಗೆ ದಿನವೂ ಅನ್ನ ಬೇಕು. ಆ ಅನ್ನವು ಎಲ್ಲಿಂದ ಬರಬೇಕು? ಟಿಬೇಟಿನ ಭೂಮಿಯಲ್ಲಿ ದೊಡ್ಡ ಪಾಲು ಮಠಗಳದು. ಲ್ಹಾಸಾದ ಸುತ್ತಲಿನ ಮೂರು ಮಹಾಮಠಗಳಲ್ಲಿ ಡ್ರೆಪುಂಗದಲ್ಲಿ 7700, ಸೆರಾದಲ್ಲಿ 5500, ಗಾಂದೆನ್ನಿನಲ್ಲಿ 3300 ಭಿಕ್ಷುಗಳೆಂದು ರೂಢಿಯ ಲೆಕ್ಕ. ಅಂದರೆ ದೇಶದ ದಂಡಿಗಿಂತ ಒಂದೇ ನಗರದ ಭಿಕ್ಷುಗಳೇ ಹೆಚ್ಚು. ಸೈನಿಕರಿಗಾಗಿ ತಮ್ಮ ಹೊಲಗಳಿಗೆ ಕೈ ಬರುವದೆಂದು ಅವರು ಹೆದರಿದರು. ಆ ವರ್ಷದಲ್ಲಿಯೇ ಡ್ರೆಪುಂಗದ ಲೊಸೆಲಿಂಗ್ ವಿಭಾಗದ ಕಾರಭಾರಿಗಳನ್ನು ಒಂದು ಆಸ್ತಿಯ ವ್ಯಾಜ್ಯದಲ್ಲಿ ಸರಕಾರವು ಸೆರೆಯಲ್ಲಿಡಲು, ಸಾವಿರಾರು ಭಿಕ್ಷುಗಳು ನೊರ್ಬುಲಿಂಕಾಕ್ಕೆ ನುಗ್ಗಿ ತೋಟದ ಹೂಗಿಡಗಳನ್ನು ಕಿತ್ತು ಕೂಗಾಡಿದರು. ದಲಾಯಿ ಲಾಮಾ ಅವರು ದಂಡನ್ನು ತರಿಸಿ ಮಠವನ್ನು ಸುತ್ತುಗಟ್ಟಿಸಿದರು. ಪರದೇಶದ ವೈರಿಗಾಗಿ ತಂದ ಬಂದೂಕುಗಳು ಬುದ್ಧನ ಮನೆಯ ಕಡೆಗೇ ಮುಖಮಾಡಿ ನಿಂತವು. ಬೇಕೆಂದರೆ ಅಂದು ಡ್ರೆಪುಂಗವನ್ನು ಇನ್ನೊಂದು ಗುರುವಿನ ಬಯಲನ್ನಾಗಿ ಮಾಡಬಹುದಿತ್ತು. ಅವರು ಮಾಡಲಿಲ್ಲ. ಕಾದರು, ಮುಖಂಡರನ್ನು ಒಪ್ಪಿಸಿಕೊಂಡು ದಂಡಿಸಿದರು, ತೋಪು ಹಾರಲಿಲ್ಲ. ನಮ್ಮ ಮಟ್ಟಿಗೆ ಅವರ ಐವತ್ತೇಳು ವರ್ಷಗಳ ಜೀವನದಲ್ಲಿ ಇದಕ್ಕಿಂತ ದೊಡ್ಡ ದಿನವಿಲ್ಲ.

ಆದರೆ ದಂಡಿನ ಖರ್ಚು ದೇಶವನ್ನು ಒಡೆಯಿತು. ಆ ಖರ್ಚಿನ ನಾಲ್ಕರಲ್ಲೊಂದು ಪಾಲನ್ನು ಕೇಳಿದುದಕ್ಕಾಗಿ ಮನಸ್ತಾಪ ಬೆಳೆದು 1923ರಲ್ಲಿ ಪಂಚೇನ್ ಲಾಮಾ ಅವರು ಚೀನಕ್ಕೆ ಹೊರಟುಹೋದರು. ಚೀನಕ್ಕೆ ಬೇಕಾಗಿದ್ದ ನೆವವು ದೊರೆಯಿತು. ಇತ್ತ ಸೂಟು ಬೂಟು ಹಾಕಿ ಕವಾಯತು ಕಲಿತ ಅಧಿಕಾರಿಗಳು ತಮ್ಮನ್ನೇ ಕೆಳಗಿಳಿಸಲು ಹವಣಿಸುವರೆಂಬ ಸಂಶಯವೂ ದಲಾಯಿ ಲಾಮಾ ಅವರಿಗೆ ಬಂದಿತು. 1925ರಲ್ಲಿ ತ್ಸಾರೊಂಗನನ್ನೇ ಸೇನಾಧಿಪತ್ಯದಿಂದ ತೆಗೆದರು. ಅರ್ಧ ಕಟ್ಟಿದ ದಂಡು ಅರ್ಧದಲ್ಲಿಯೇ ನಿಂತಿತು. 1930ರ ಬಳಿಕ ಖಾಮದಲ್ಲಿ ಮತ್ತೆ ಯುದ್ಧ ಬಂದಾಗ ಡ್ರಿಚೂ ನದಿಯ ಪೂರ್ವಕ್ಕೆ ಗೆದ್ದ ಭೂಮಿಯು ಕೈಬಿಟ್ಟಿತು.

1932ರಲ್ಲಿ ಅವರು ಪ್ರಜೆಗಳಿಗೆಂದು ಒಂದು ಪತ್ರವನ್ನು ಬರೆಯಿಸಿದರು. ಮಂಗೋಲಿಯದಲ್ಲಿ ಮಠಗಳಿಗೆ ಒದಗಿದ ದುರ್ಗತಿಯನ್ನು ಅದರಲ್ಲಿ ನೆನಪಿಸಿ, ಎಚ್ಚರದಿಂದಿರದಿದ್ದರೆ ಟಿಬೇಟಿನಲ್ಲಿಯೂ ಹೊರಗಿನಿಂದಲೂ ಒಳಗಿನಿಂದಲೂ ಅದೇ ಗತಿ ಬರುವದೆಂದೂ, ಮಠಗಳ ಭೂಮಿ ಹೋಗಿ ಜನರು ದಿಕ್ಕಿಲ್ಲದೆ ಅಲೆಯುವರೆಂದೂ ತಿಳಿಸಿದ್ದರು. ನೆರೆಯ ಎರಡು ದೊಡ್ಡ ರಾಷ್ಟ್ರಗಳೊಡನೆ ಸ್ನೇಹವನ್ನೂ ಗಡಿಯಲ್ಲಿ ತರಬೇತಾದ ಸೈನ್ಯವನ್ನೂ ಇಟ್ಟುಕೊಳ್ಳಬೇಕೆಂಬದು ಅವರ ಉಪದೇಶವಾಗಿತ್ತು. 1933ರ ಡಿಸೆಂಬರ 17ಕ್ಕೆ ಅವರು ದೇಹ ಬಿಟ್ಟರು. ಸುಖವಂತ ಮನೆತನಗಳ ಮಕ್ಕಳನ್ನು ಕೂಡಿಸಿ ಕೊನೆಗಾಲದಲ್ಲಿ ಕಟ್ಟಿದ ಒಂದು ಪಡೆಯು ಅವರು ಕಣ್ಣು ಮುಚ್ಚಿದ ಕೂಡಲೇ ಚದರಿ ಮನೆಗೆ ಹೋಯಿತು.

1950ರ ಅಕ್ಟೋಬರ 7ಕ್ಕೆ ಚೀನದ ಕೆಂಪು ಸೈನ್ಯವು ಡ್ರಿಚೂ ನದಿಯನ್ನು ದಾಟಿತು. ಎರಡು ವಾರಗಳೊಳಗೆ ಚಾಮ್ಡೊ ಬಿದ್ದಿತು. ಟಿಬೇಟಿನ ಸೈನಿಕರು ಒಟ್ಟು ಎಂಟೂವರೆ ಸಾವಿರ. ಬಂದವರು ಅದರ ನಾಲ್ಕೈದು ಪಟ್ಟು. ಮಠಗಳು ಅಡ್ಡ ಬರದಿದ್ದರೆ ಹದಿಮೂರನೆಯವರ ದಂಡು ದೇಶವನ್ನು ಕಾಯುತ್ತಿತ್ತೆಂದು ಕೆಲವರು ವಾದಿಸುವರು. ನಮಗೆ ಅದು ಒಪ್ಪಿಗೆಯಿಲ್ಲ. ಜಪಾನಿನೊಡನೆಯೂ ತಮ್ಮತಮ್ಮೊಳಗೂ ವರ್ಷಗಟ್ಟಲೆ ಕಾದಿ ಪಳಗಿದ ಸೈನ್ಯದ ಮುಂದೆ ಹದಿನೈದು ಸಾವಿರವೂ ಅಷ್ಟೇ, ಎಂಟು ಸಾವಿರವೂ ಅಷ್ಟೇ. ಹೆಣಗಳು ಮಾತ್ರ ಹೆಚ್ಚಾಗುತ್ತಿದ್ದವು. ಹಾಗೆಂದು ಶಸ್ತ್ರವೇ ಬೇಡವೆಂದ ಭಿಕ್ಷುಗಳ ಪಕ್ಷವು ಸರಿಯೆಂದೂ ಹೇಳಲು ಬಾಯಿ ಬಾರದು. ಅವರು ಕಾದದ್ದು ಅಹಿಂಸೆಯನ್ನಲ್ಲ, ಹೊಲಗಳನ್ನು.

1959ರ ಮಾರ್ಚ 20ಕ್ಕೆ ನೊರ್ಬುಲಿಂಕಾದ ತೋಟದ ಮೇಲೆ ಚೀನದ ತೋಪುಗಳು ಗುಂಡಿನ ಮಳೆಗರೆದವು. ಹದಿನಾಲ್ಕನೆಯ ದಲಾಯಿ ಲಾಮಾ ಅವರು ಮೂರು ದಿನ ಮೊದಲೇ ಅಲ್ಲಿಂದ ಹೊರಬಿದ್ದಿದ್ದರು. ಒಳಗೆ ಉಳಿದವರು ಅವರನ್ನು ಕಾಯಲೆಂದು ಬಂದು ಸೇರಿದ್ದ ಸಾಮಾನ್ಯ ಜನರು. ಗುರುಗಳು ಹಿಂದುಸ್ಥಾನದ ಗಡಿಯನ್ನು ದಾಟಿದ ದಿನ ಮಾರ್ಚ 31. ಅವರ ಹಿಂದೆ ಹಿಮದಲ್ಲಿ ಹತ್ತಾರು ಸಾವಿರ ಜನರು ಬಂದರು. ಡ್ರೆಪುಂಗ, ಸೆರಾ, ಗಾಂದೆನ್ನುಗಳಿಂದ ತಪ್ಪಿಸಿಕೊಂಡ ಭಿಕ್ಷುಗಳನ್ನು ಬಂಗಾಲದ ಬಕ್ಸಾ ಕೋಟೆಯಲ್ಲಿರಿಸಿದರು. ಆಂಗ್ಲರು ನಮ್ಮ ಸ್ವಾತಂತ್ರ್ಯ ಯೋಧರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಆ ಕಾವು ಜಿನುಗಿನ ಹವೆಯಲ್ಲಿ ಕ್ಷಯರೋಗದಿಂದ ಎಷ್ಟೋ ವಿದ್ವಾಂಸರು ಸತ್ತರು. ಗುಂಡು ತಗಲದವರನ್ನೂ ಯುದ್ಧವು ಹೀಗೆ ಹುಡುಕಿಕೊಂಡು ಬರುವದು.

ಉಳಿದ ಡ್ರೆಪುಂಗ, ಗಾಂದೆನ್ನಿನ ಕೆಲವು ನೂರು ಭಿಕ್ಷುಗಳು ಮುಂಡಗೋಡಕ್ಕೆ ಬಂದು ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಕೊಡಲಿ ಹಿಡಿದರು. ಕಾಲೊನಿಗೆ ಭೂಮಿ ದೊರೆತಾಗ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಎಸ್. ನಿಜಲಿಂಗಪ್ಪನವರು. 1921ರಲ್ಲಿ ತೋಟದ ಹೂಗಿಡಗಳನ್ನು ಕಿತ್ತ ಲೊಸೆಲಿಂಗದ ಪರಂಪರೆಯೂ, 1904ರ ತಹನಾಮೆಗೆ ಮುದ್ರೆಯೊತ್ತಿದ ಗಾಂದೆನ್ ಪೀಠದ ಪರಂಪರೆಯೂ ಇಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಪಕ್ಕಪಕ್ಕದಲ್ಲಿವೆ. ಸಾವಿರಾರು ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ತರ್ಕಶಾಸ್ತ್ರದ ವಾದ ಮಾಡುವರು. ಅವರ ಜನರಲ್ಲಿ ಬಂದೂಕು ಹಿಡಿದವರೂ ಇಲ್ಲದಿಲ್ಲ. ಹಿಂದುಸ್ಥಾನದ ಸರಕಾರವು 1962ರಲ್ಲಿ ಟಿಬೇಟಿಯರದೊಂದು ಪಡೆಯನ್ನು ಗುಟ್ಟಾಗಿ ಕಟ್ಟಿತು; 1971ರ ಬಾಂಗ್ಲಾ ಯುದ್ಧದಲ್ಲಿ ಆ ಪಡೆಯ ಐವತ್ತಕ್ಕೂ ಹೆಚ್ಚು ಜನರು ನಮ್ಮ ಪಕ್ಷದಲ್ಲಿ ಕಾದಿ ಸತ್ತರು. ಪಡೆಯು ಗುಪ್ತವಾದುದರಿಂದ ಅವರಿಗೆ ಬಹಿರಂಗದ ಗೌರವವೂ ಸಲ್ಲಲಿಲ್ಲ. ಇದನ್ನು ನಮ್ಮ ವಾಚಕರು ಉಣ್ಣೆಯ ಅಂಗಿ ಕೊಳ್ಳುವಾಗ ನೆನೆದರೆ ಚೌಕಾಸಿಯ ಮಾತು ಸ್ವಲ್ಪ ಮೃದುವಾಗಬಹುದು.

ಹದಿಮೂರನೆಯ ದಲಾಯಿ ಲಾಮಾ ಅವರು ಕೊಂಡ ಬಂದೂಕುಗಳಲ್ಲಿ ಒಂದಾದರೂ ಈ ಕಡೆಗೆ ಬರಲಿಲ್ಲ. ಅವರು 1916ರಲ್ಲಿ ಸ್ಥಾಪಿಸಿದ ವೈದ್ಯ ವಿದ್ಯಾಲಯವು ಮಾತ್ರ 1961ರಲ್ಲಿ ಧರ್ಮಶಾಲೆಯಲ್ಲಿ ಮರಳಿ ಪ್ರಾರಂಭವಾಯಿತು. ಅದರ ಒಂದು ಶಾಖೆ ಮುಂಡಗೋಡದ ಕಾಲೊನಿಯಲ್ಲಿದೆ. ಅಲ್ಲಿಯ ವೈದ್ಯರು ಮೂರು ಬೆರಳಿನಿಂದ ನಾಡಿ ಹಿಡಿದು ನೋಡಿ, ಗಿಡಮೂಲಿಕೆಯ ಗುಳಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುವರು.